ಅಳತೆಯ ಜಂಪರ

ಮದುವೆಯ ಸೀರೆಗೆ ಜಂಪರ ಹೊಲಿಸಲು ಬೇಡಗ ಊರಿನ ಬೀಗರು ಸುಖದಾಳ ಅಳತೆಗೊಂದು ಜಂಪರ ಕೇಳಿದರು. ಮಗಳ ಗಾತ್ರ ಬೀಗರಿಗೆ ತಿಳಿದೀತೆಂದು ನಾಚಿದ ತಾಯಿ ಗೋದಾಬಾಯಿ, ಅವಳು ಹತ್ತನೇ ಇಯತ್ತೆಯಲ್ಲಿ ತೊಟ್ಟಿದ್ದನ್ನು ಕಳಿಸಿಬಿಟ್ಟಳು.

“ಲಗ್ನಾ ಇನ್ನೂ ದೂರ ಐತಿ. ಅಷ್ಟರಾಗ ಮೈ ಇಳದ ಇಳೀತೈತಿ,” ಎಂದಳು ಮಗಳಿಗೆ.

ಸುಖದಾ ರೊಟ್ಟಿ ಬಿಟ್ಟಳು, ಆಮೇಲೆ ಅನ್ನವನ್ನೂ ಬಿಟ್ಟಳು. ಇಳಿದಳು. ಓಣಿಗೆ ಓಣಿಯೇ ಹೊಗಳಿತು. ಅಷ್ಟರಲ್ಲಿ ಕೆಮ್ಮು ಹತ್ತಿತು, ಸಂಜೆಯಾದರೆ ಜ್ವರ. ಮಿರಜಿನ ಡಾಕ್ಟರು ಎಕ್ಸ್‌ರೇ ನೋಡಿ, “ಕ್ಷಯ ಐತಿ. ಇವತ್ತ ಗುಳಿಗಿ ಚಾಲೂ ಮಾಡ್ರಿ. ಹೊಟ್ಟಿ ತುಂಬ ಉಣ್ಣಲಿ, ತೂಕ ವಾಪಸ್ ಬರ್ತೈತಿ,” ಎಂದರು.

ತಾಯಿ-ಮಗಳ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

“ಗುಳಿಗಿ ಲಗ್ನ ಆದಮ್ಯಾಲ ನೋಡೂಣು,” ಎಂದು ಗೋದಾಬಾಯಿ ಅವನ್ನು ಟ್ರಂಕಿಗೆ ಹಾಕಿದಳು. ಸುಖದಾಳೇ ಟ್ರಂಕಿನ ಚಿಲಕ ಹಾಕಿದಳು.

ಮದುವೆಯ ಬೆಳಿಗ್ಗೆ ಬೀಗರು ತಂದ ಜಂಪರ ಸಡಿಲವೇ ಆಯಿತು. ಗೋದಾಬಾಯಿ ಬೆನ್ನಿಗೆ ಪಿನ್ನು ಚುಚ್ಚುತ್ತಿದ್ದಾಗ ಅವಳ ತಂಗಿ, ಸುಖದಾಳ ಮಾವಶಿ, ತನ್ನ ಮಗಳು ಮುಕ್ತಾಳನ್ನು ಮುಂದೆ ನೂಕಿದಳು.

“ಎಷ್ಟ ಛಂದ ಕಾಣಾಕತ್ತಿ! ಏನ್ ಮಾಡಿದೆವಾ? ಇಕೀಗೂ ಒಂದೀಟ ಹೇಳ.”

ಕೆಮ್ಮುತ್ತ ಬಾಯಿಗೆ ಒತ್ತಿಕೊಂಡಿದ್ದ ಕರವಸ್ತ್ರವನ್ನು ಸುಖದಾ ಮುಷ್ಟಿಯೊಳಗೆ ಮುಚ್ಚಿಕೊಂಡು, ಮುಕ್ತಾಳ ತುಂಬುಗೆನ್ನೆಯನ್ನೇ ನೋಡಿದಳು.

“ಏನಿಲ್ರಿ ಮಾವಶಿ,” ಎಂದಳು, “ಉಣ್ಣೂದ ಬಿಟ್ಟೆ, ಅಷ್ಟ.”