ಟ್ರೇ ತುಂಬ ಹೂವು

ಮಗಳು ತಂದಿಟ್ಟ ಟ್ರೇಯನ್ನು ಆಕೆ ಕಾಲಿನಿಂದಲೇ ಬಾಗಿಲ ಮೂಲೆಗೆ ತಳ್ಳಿದಳು. ಗಂಡನನ್ನು ಮಲಗಿಸಿದ್ದ ಐಸ್ ಪೆಟ್ಟಿಗೆಯ ಒಂದು ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅಮ್ಮಾ, ನೆಲ ಎಲ್ಲಾ ಒದ್ದೆ ಆಗ್ತಿದೆ.”

“ಆಗಲಿ. ಮೂವತ್ತೊಂದು ವರ್ಷ ಈ ಮನೇಲಿ ಒಂದು ಹನಿ ನೆಲಕ್ಕೆ ಬೀಳೋಕೆ ಬಿಡಲಿಲ್ಲ ನಿಮ್ಮಪ್ಪ. ಇವತ್ತೊಂದು ದಿನ ಬೀಳಲಿ. ಟ್ರೇ ಗೀ ಇಲ್ಲದೆ ಎಲ್ಲರ ಹಾಗೆ ಕಳಿಸಿಕೊಡ್ತೀನಿ ಅವರನ್ನ.”

ಅಷ್ಟರಲ್ಲಿ ಕೊನೆಯ ದರ್ಶನಕ್ಕೆಂದು ಗಂಭೀರವಾಗಿ ಬಂದ ಪಕ್ಕದ ಮನೆಯ ಮೇಷ್ಟ್ರು ಅದೇ ನೀರಿನ ಮೇಲೆ ಕಾಲಿಟ್ಟು ಜಾರಿ, ಪೆಟ್ಟಿಗೆಯನ್ನೇ ತಬ್ಬಿಕೊಂಡರು. ಅವರಿಗೆ ಸತ್ತವನ ಮೇಲೆ ಇಷ್ಟೊಂದು ಪ್ರೀತಿ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಆಕೆ ಮಾತ್ರ ಹಟ ಬಿಡಲಿಲ್ಲ.

*

ಗಂಡ ಕೃಷಿ ಔಷಧಿಗಳ ಗೋದಾಮಿನ ಉಸ್ತುವಾರಿ. ಕಳೆನಾಶಕದ ಇನ್ನೂರು ಲೀಟರಿನ ಡ್ರಮ್ಮುಗಳು, ಒಂದೊಂದರ ಕೆಳಗೂ ಡ್ರಮ್ಮು ಪೂರ್ತಿ ಸೋರಿದರೂ ಹಿಡಿಯುವಷ್ಟು ಆಳದ ಟ್ರೇ. ಅಲ್ಲಿಗೇ ಬಿಟ್ಟಿದ್ದರೆ ಯಾರ ತಕರಾರೂ ಇರಲಿಲ್ಲ. ಮದುವೆಯಾದ ವಾರಕ್ಕೆ ಹಾಲಿನ ಪಾತ್ರೆಯ ಕೆಳಗೆ ಟ್ರೇ ಬಂತು, ಆಮೇಲೆ ಎಣ್ಣೆ ಡಬ್ಬಿಯ ಕೆಳಗೆ, ಕೆಮ್ಮಿನ ಔಷಧಿಯ ಕೆಳಗೆ. ಮಗಳು ಹುಟ್ಟಿದಾಗ ತೊಟ್ಟಿಲ ಕೆಳಗೂ ಬಂತು. ಅದೊಂದು ಮಾತ್ರ ನಿಜವಾಗಿ ಉಪಯೋಗಕ್ಕೆ ಬಂತು.

“ನನ್ನ ಕೆಳಗೂ ಒಂದು ಇಟ್ಟುಬಿಡಿ,” ಎಂದು ಒಮ್ಮೆ ರೇಗಿದ್ದಳು.

ಪುಣ್ಯಾತ್ಮ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಆ ಅಳತೇದು ಸ್ಟಾಕಿಲ್ಲ ಕಣೇ,” ಎಂದಿದ್ದ. ಆಕೆ ಎರಡು ದಿನ ಮಾತು ಬಿಟ್ಟಳು.

ಮೂರನೆಯ ದಿನ ಆತ ತಾನಾಗಿಯೇ ಬಾಯಿಬಿಟ್ಟ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಡ್ರಮ್ಮು ಸೋರಿ, ಔಷಧಿ ಚರಂಡಿ ಹಿಡಿದು ಕೆರೆಗೆ ಹೋಗಿತ್ತಂತೆ. ಕೆರೆಯ ತುಂಬ ಸತ್ತ ಮೀನು. ಮೂರು ದಿನ ಬುಟ್ಟಿಯಲ್ಲಿ ತುಂಬಿ ತುಂಬಿ ಹೂತಿದ್ದನಂತೆ.

“ಸೋರೋದು ಡ್ರಮ್ಮಿನ ತಪ್ಪಲ್ಲ. ಕೆಳಗೆ ಏನೂ ಇಡದೆ ಮನೆಗೆ ಬಂದು ಮಲಗಿದೆನಲ್ಲ, ಅದು ನನ್ನ ತಪ್ಪು,” ಎಂದು ಹೇಳಿ ಎದ್ದು ಹೋಗಿ, ಹಾಲಿನ ಪಾತ್ರೆಯ ಕೆಳಗೆ ಬಗ್ಗಿ ನೋಡಿದ್ದ.

*

ಗೋದಾಮಿನ ಲಾರಿ ಬಂತು. ಮೇಸ್ತ್ರಿ ಮುಂದೆ, ಹಮಾಲರು ಹಿಂದೆ. ಇಬ್ಬಿಬ್ಬರು ಹೊತ್ತು ತಂದ ಹನ್ನೆರಡು ದೊಡ್ಡ ಟ್ರೇಗಳ ತುಂಬ ಹೂವು. ಆಕೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

“ಅಕ್ಕಾ, ಯಜಮಾನರ ಜೀವ ಎಲ್ಲಾ ಇದರಲ್ಲೇ ಇತ್ತಲ್ಲ,” ಮೇಸ್ತ್ರಿ ಕಣ್ಣೊರೆಸಿಕೊಂಡ. “ಬೆಳಗ್ಗೇನೇ ತೊಳೆದು ಫಳಫಳ ಮಾಡಿದೀವಿ.”

“ತೊಳೆದ ನೀರು ಎಲ್ಲಿಗೆ ಬಿಟ್ರಿ?” ಮಾತು ಆಕೆಗೂ ಹೇಳದೆ ಬಾಯಿಂದ ಬಂದುಬಿಟ್ಟಿತ್ತು.

“ಚೆಲ್ತೀವಾ ಅಕ್ಕಾ? ಖಾಲಿ ಡ್ರಮ್ಮಲ್ಲಿ ಹಿಡಿದಿಟ್ಟಿದೀವಿ.”

“ಸರಿ. ಈಗ ತುಂಬಿದ ಡ್ರಮ್ಮುಗಳ ಕೆಳಗೆ ಏನಿದೆ?”

ಮೇಸ್ತ್ರಿ ಹಮಾಲರ ಕಡೆ ನೋಡಿದ. ಅವರು ಹೂವಿನ ಕಡೆ ನೋಡಿದರು. ಅಷ್ಟರಲ್ಲಿ ಅವನ ಜೇಬಿನ ಫೋನು ಹೊಡೆದುಕೊಂಡಿತು. ಗೋದಾಮಿನ ವಾಚ್‌ಮನ್. ಒಂದು ಡ್ರಮ್ಮಿನ ಬೆಸುಗೆ ಬಿಟ್ಟು ಕಳೆನಾಶಕ ನೆಲದ ಮೇಲೆ ಹರಿಯುತ್ತಿದೆ!

ಮೇಸ್ತ್ರಿ ಫೋನಿಗೆ ಬರೀ ‘ಅಯ್ಯೋ ಅಯ್ಯೋ’ ಎನ್ನತೊಡಗಿದ. ಆಕೆ ಫೋನು ಕಿತ್ತುಕೊಂಡಳು.

“ಅಲ್ಲಿ ಯಾರ್ಯಾರಿದೀರಿ? ಟೆಂಪೋ ಡ್ರೈವರೂ ಇದಾನಾ? ಮೊದಲು ಇಬ್ಬರೂ ಗ್ಲೌಸು, ಬೂಟು, ಮಾಸ್ಕು ಹಾಕ್ಕೊಳ್ಳಿ. ಹಾಕ್ಕೊಂಡ್ರಾ? ಚರಂಡಿ ಬಾಯಿಗೆ ಮರಳಿನ ಚೀಲ ಒತ್ತಿ. ಆಮೇಲೆ ಡ್ರಮ್ಮು ಉರುಳಿಸಿ, ಬಿರುಕು ಮೇಲಕ್ಕೆ ಬರಬೇಕು. ಏನಂದೆ, ಪೈಪು ಹಿಡ್ಕೊಂಡಿದೀಯಾ? ಅಯ್ಯೋ, ಯಾಕಪ್ಪಾ? ನೀರು ಬಿಟ್ಟೀಯ, ಜೋಕೆ! ಮರಳು ಹಾಕು, ಮರಳು!”

ಮನೆ ತುಂಬ ಇದ್ದ ಜನ ಆಕೆಯ ಸುತ್ತ ಕವಿದರು. ಮೇಷ್ಟ್ರು ಅಳುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಆಕೆಯ ಕಣ್ಣ ಮುಂದೆ ಬುಟ್ಟಿ ಬುಟ್ಟಿ ಮೀನು.

“ಕೆರೆಗೆ ಹೋಯ್ತಾ?” ಆಕೆ ಫೋನನ್ನು ಕಿವಿಗೆ ಒತ್ತಿಕೊಂಡಳು. “ಹೇಳಪ್ಪಾ, ಹೋಯ್ತಾ?”

“ಇಲ್ಲಮ್ಮಾ. ಚರಂಡಿಗೆ ಎರಡು ಮಾರು ಇರೋವಾಗಲೇ ನಿಂತ್ಕೊಂಡ್ತು.”

ಆಕೆ ಅಲ್ಲೇ ಒದ್ದೆ ನೆಲದ ಮೇಲೆ ಕುಳಿತಳು.

“ಅಮ್ಮಾ, ಇದೆಲ್ಲ ನಿನಗೆ ಹೇಗೆ ಗೊತ್ತು?” ಮಗಳು ಕೇಳಿದಳು.

“ಮೂವತ್ತೊಂದು ವರ್ಷ, ಊಟಕ್ಕೆ ಕೂತಾಗೆಲ್ಲ ಇದೇ ಪುರಾಣ. ಒಂದಕ್ಷರಾನೂ ಕಿವಿಗೆ ಹಾಕ್ಕೊಂಡಿಲ್ಲ ಅಂದ್ಕೊಂಡಿದ್ದೆ.” ಹಾಗೆಂದವಳು, ಬೆಳಗಿನಿಂದ ಕಲ್ಲಿನ ಹಾಗೆ ಇದ್ದವಳು, ಬಿಕ್ಕಿ ಬಿಕ್ಕಿ ಅತ್ತಳು.

ಹಮಾಲರು ಹೂವನ್ನೆಲ್ಲ ಪೆಟ್ಟಿಗೆಯ ಸುತ್ತ ಸುರಿದು, ಟ್ರೇಗಳನ್ನು ಹೊತ್ತು ಲಾರಿಗೆ ಓಡಿದರು. ಮೇಸ್ತ್ರಿ ಹೋಗುವಾಗ ಪೆಟ್ಟಿಗೆಯ ಮುಂದೆ ನಿಂತು ಕಿವಿ ಹಿಡಿದುಕೊಂಡ. ಲಾರಿಯ ಸದ್ದು ದೂರವಾದ ಮೇಲೆ ಮನೆಯಲ್ಲಿ ನೀರು ತೊಟ್ಟಿಕ್ಕುವುದೊಂದೇ ಕೇಳಿಸುತ್ತಿತ್ತು.

ಆಕೆ ಎದ್ದು ಬಾಗಿಲ ಮೂಲೆಗೆ ಹೋದಳು. ಬೆಳಗ್ಗೆ ಒದ್ದಿದ್ದ ಟ್ರೇಯನ್ನು ಸೆರಗಿನಿಂದ ಒರೆಸಿ ತಂದು, ಮೊಣಕಾಲೂರಿ, ಪೆಟ್ಟಿಗೆಯ ಮೂಲೆಯ ಕೆಳಗೆ ಸರಿಸಿದಳು. ತಲೆ ಓರೆ ಮಾಡಿ ನೋಡಿದಳು. ಸರಿಬರಲಿಲ್ಲ. ಒಂದು ಬೆರಳಿನಷ್ಟು ಎಡಕ್ಕೆ ಸರಿಸಿ, ಮುಂದಿನ ಹನಿ ಸರಿಯಾಗಿ ನಡುವೆ ಬೀಳುವವರೆಗೂ ಬಗ್ಗಿಯೇ ಇದ್ದಳು.