ಫೋನಿನೊಳಗಿನ ಮಳೆ

ಮಗು ಮಲಗಿಸುವ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಟ್ಟವರು ನನ್ನ ಗಂಡ ಚೇತನ್. ಹಾಕಿಕೊಟ್ಟು ಅವರು ಅರಸೀಕೆರೆಗೆ ಕೆಲಸಕ್ಕೆ ಹೋದರು; ಕಣಕಟ್ಟೆಯ ಮನೆಯಲ್ಲಿ ಮಗಳ ಜೊತೆ ಉಳಿದವಳು ನಾನು. ಕಿಟಕಿ ಮುಚ್ಚಿ, ಕೋಣೆ ಕತ್ತಲು ಮಾಡಿ, ಮಳೆಯ ಸದ್ದು ಹಾಕಿ ಎಂದಿತು ಆ್ಯಪು. ಹೇಳುವುದಕ್ಕೇನು, ಅದಕ್ಕೆ ಸೊಂಟ ನೋಯುತ್ತದೆಯೇ? ಹೇಳಿದ್ದೆಲ್ಲ ಮಾಡಿದೆ. ಮಗಳು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಮಳೆ ಕೇಳುತ್ತಿದ್ದಳು. ಸದ್ದು ಇನ್ನಷ್ಟು ಜೋರು ಮಾಡಿದೆ. ಯಾವಾಗ ಜೊಂಪು ಹತ್ತಿತೋ ಗೊತ್ತಿಲ್ಲ.

ಎಚ್ಚರವಾದದ್ದು ಅಂಗಳದಿಂದ ಬಂದ ಅತ್ತೆಯ ಕೂಗಿಗೆ.

“ರಾಗಿ ನೆಂದೋಗ್ತೈತೆ, ಬಾರೇ ಶಿಲ್ಪಾ!”

ಪಡಸಾಲೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದ ಅತ್ತೆ, ಮಳೆ ಕೇಳಿ ಎದ್ದು ಓಡಿ, ಒಣಗಲು ಹರಡಿದ್ದ ರಾಗಿಯನ್ನು ಬಾಚಿ ಬಾಚಿ ಚೀಲಕ್ಕೆ ತುಂಬುತ್ತಿದ್ದರು. ನಾನು ಹೊರಗೆ ಓಡಿದೆ. ಮೋಡವೇನೋ ಇತ್ತು, ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಮಳೆ ನನ್ನ ಕೈಯಲ್ಲಿದ್ದ ಫೋನಿನಲ್ಲಿ ಸುರಿಯುತ್ತಿತ್ತು.

ಅತ್ತೆ ಫೋನು ನೋಡಿದರು. ಬೈಯಲು ಬಾಯಿ ತೆರೆದವರು ನನ್ನ ಮುಖ ನೋಡಿ ತಡೆದರು.

“ಕೂಸು ಮಲಗ್ತಾ?”

“ಇಲ್ಲ ಅತ್ತೆ. ನಾನೇ ಮಲಗಿಬಿಟ್ಟಿದ್ದೆ.”

ಮಳೆಯ ಸದ್ದು ನಿಲ್ಲಿಸಲು ಹೋದ ನನ್ನ ಬೆರಳನ್ನು ಅತ್ತೆ ಹಿಡಿದರು. ಒಳಗಿನಿಂದ ಮಗಳನ್ನು ಎತ್ತಿಕೊಂಡು ಬಂದು, ರಾಗಿ ಚೀಲಕ್ಕೆ ಒರಗಿ ಕೂತರು.

“ಇರ್ಲಿ ಬಿಡು, ಬರ್ಲಿ ಮಳೆ. ಒಳೀಕ್ ಹೋಗಿ ಮಲಿಕ್ಕೋ. ನಿಂತ್ಮೇಲೆ ಇಬ್ರೂ ರಾಗಿ ಹರಡಾನ.”