ಹಾಲವ್ವನ ತಗಡಿನ ಮೇಲೆ ಬಿದ್ದ ಡ್ರೋನ್

ಪವಾಯಿಯ ಟವರುಗಳ ಹಿಂದಿನ ಝೋಪಡಪಟ್ಟಿಯಲ್ಲಿ ಹಾಲವ್ವನ ಮನೆ ಎಲ್ಲರಿಗೂ ಗೊತ್ತು, ಸರ್ವೆಯವರಿಗೆ ಮಾತ್ರ ಗೊತ್ತಿಲ್ಲ. ಹೋದ ತಿಂಗಳು ಬಂದವರು ಕೊಳಚೆಯ ನಾಲಾ ದಾಟಿ ಅವಳ ಓಣಿಗೆ ಬರಲು ಹೇಸಿ, ಮೂಗು ಮುಚ್ಚಿಕೊಂಡು, "ಅಲ್ಲಿ ಮನೆಯೇ ಇಲ್ಲ" ಎಂದು ಬರೆದು ಹೋದರು. ಸರ್ವೆಯಲ್ಲಿ ಇಲ್ಲದ ಮನೆಯನ್ನು ನಾಳೆ ಒಡೆದರೆ ಸರಕಾರದ ಬದಲಿ ಖೋಲಿ ಸಿಗುವುದಿಲ್ಲ. ಮಗಳ ಬಾಣಂತನ ಮಾಡಿದ ಮನೆ ಇಲ್ಲವಂತೆ! ಅವರ ಕಣ್ಣಿಗೆ ಮಣ್ಣು ಬಿದ್ದಿತ್ತೇನೋ!

ಹಾಗಾಗಿ ಆ ಭಾನುವಾರ ಬೆಳಿಗ್ಗೆ ತಲೆಯ ಮೇಲೆ ಡ್ರೋನ್ ಗುಂಯ್‌ಗುಟ್ಟಿದಾಗ ಇಡೀ ಓಣಿ ಒಂದೇ ಅರ್ಥ ಮಾಡಿಕೊಂಡಿತು: ಈ ಸಲ ಸರ್ವೆ ಮೇಲಿನಿಂದ ಬಂದಿದೆ. ಬಚ್ಚಲಲ್ಲಿದ್ದವರು ತೊಯ್ದ ತಲೆಯಲ್ಲೇ ಓಡಿಬಂದರು. ಎಲ್ಲರೂ ತಂತಮ್ಮ ಬಾಗಿಲಲ್ಲಿ ನಿಂತು ರೇಶನ್ ಕಾರ್ಡು ಆಕಾಶಕ್ಕೆ ಎತ್ತಿ ಹಿಡಿದರು. ಹಾಲವ್ವ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಬಂದಿದ್ದಳು.

"ನಂದೂ ನೋಡೋ ಯಪ್ಪಾ! ಇಲ್ಲೈತಿ ಮನಿ, ಇಲ್ಲೈತಿ!"

ಕಾಗೆಗಳಿಗೆ ಆ ಗುಂಯ್ ಸದ್ದು ಹಿಡಿಸಲಿಲ್ಲ. ಮುತ್ತಿಕೊಂಡು ಕುಕ್ಕಿದವು. ಡ್ರೋನ್ ಧಡಾರನೆ ಅವಳ ತಗಡಿನ ಮೇಲೇ ಬಿತ್ತು. ಹಾಲವ್ವ ಸ್ಟೂಲು ಹತ್ತಿ ಅದನ್ನು ಇಳಿಸಿಕೊಂಡಳು.

ಸ್ವಲ್ಪ ಹೊತ್ತಿಗೆ ಎದುರಿನ ಟವರಿನಿಂದ ಇಬ್ಬರು ಏದುಸಿರು ಬಿಡುತ್ತ ಬಂದರು. ಒಬ್ಬ ಹೋಟೆಲ್ ನಡೆಸುವ ಉಡುಪಿಯ ಶೇಖರ. ಇನ್ನೊಬ್ಬ ಅವನ ತಂಗಿಯ ಮಗ ಅಮಿತ, ಕೆನಡಾದಲ್ಲೇ ಹುಟ್ಟಿ, ಅಲ್ಲಿಯ ಪ್ರಜೆಯಾಗಿ, ಇಲ್ಲಿಗೆ ರಜೆಗೆ ಬಂದವನು.

"ಸಾರಿ ಆಂಟಿ, ಜಸ್ಟ್ ಫನ್‌ಗೆ... ಪವಾಯಿ ಲೇಕ್ ವಿಡಿಯೋ," ಎಂದ ಅಮಿತ.

ಫನ್ನಂತೆ! ಹಾಲವ್ವನ ಮೈಯೆಲ್ಲ ಉರಿಯಿತು. ಇವನ ಆಟಿಕೆಗೆ ಇಡೀ ಓಣಿ ಕಾರ್ಡು ಎತ್ತಿ ಅಂಗಲಾಚಿತ್ತು. ಅವಮಾನಕ್ಕೆ ಅಳುವೇ ಬಂತು, ನುಂಗಿಕೊಂಡು ಡ್ರೋನನ್ನು ಸೆರಗಿನಲ್ಲಿ ಸುತ್ತಿ ಕಂಕುಳಿಗೆ ಸೇರಿಸಿದಳು.

"ಕೊಡಂಗಿಲ್ಲ."

ಶೇಖರ ಕೈಮುಗಿದ. "ಹಾಗೆ ಮಾಡಬೇಡ ಮಾರಾಯ್ತಿ. ಅವರಲ್ಲಿ ಇಷ್ಟು ಚಿಕ್ಕದಕ್ಕೆ ಪರ್ಮಿಷನ್ ಬೇಡವಂತೆ, ಇಲ್ಲಿಯೂ ಹಾಗೇ ಅಂತ ತಿಳಿದ. ಇಲ್ಲಿ ಫಾರಿನ್‌ನವರು ಮಜಾಕ್ಕೆ ಹಾರಿಸುವ ಹಾಗೇ ಇಲ್ಲ. ಪೊಲೀಸರಿಗೆ ಗೊತ್ತಾದರೆ ಕೇಸ್, ಪಂಚನಾಮೆ, ಇವನ ವಿಮಾನವೂ ತಪ್ತದೆ. ಮೆಲ್ಲ ಕೊಟ್ಟುಬಿಡು."

"ಪಂಚನಾಮಿ ಅಂದ್ರ?"

"ಎಲ್ಲಿ ಬಿತ್ತು, ಯಾರ ಮನೆ ಮೇಲೆ ಬಿತ್ತು, ಎಲ್ಲ ಬರೆದುಕೊಳ್ತಾರೆ..." ಶೇಖರ ಅರ್ಧಕ್ಕೇ ನಿಲ್ಲಿಸಿದ. ಅವಳ ಮುಖ ನೋಡಿ, ಆಡಬಾರದ್ದು ಆಡಿದೆ ಅನ್ನಿಸಿತು.

"ಯಾರ ಮನಿ ಮ್ಯಾಲ ಅಂತ ಬರೀತಾರ? ಸರಕಾರದ ಸಿಕ್ಕಾ ಹೊಡದು?"

"ಆಂಟಿ, ಪ್ಲೀಸ್," ಎಂದ ಅಮಿತ. ಹಾಲವ್ವನಿಗೆ ಅಯ್ಯೋ ಅನ್ನಿಸದೆ ಇರಲಿಲ್ಲ.

"ನಿನ್ನ ಮ್ಯಾಲ ಸಿಟ್ಟಿಲ್ಲೋ ತಮ್ಮಾ. ಆದ್ರ ನೀ ಹೊಳ್ಳಿ ಹೋಗಾಕ ನಿನಗೊಂದು ಮನಿ ಐತಿ."

ಅವಳು ಮತ್ತೆ ಸ್ಟೂಲು ಹತ್ತಿದಳು. ಡ್ರೋನನ್ನು ತಗಡಿನ ಮೇಲೆ ಬಿದ್ದ ಜಾಗದಲ್ಲೇ ಇಟ್ಟಳು. ಇಳಿದು, ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು.

"ಹಚ್ರೋ ಪೊಲೀಸ್ರಿಗೆ ಫೋನ್! ನಾಲಾ ದಾಟಿ ಬರ್ಲಿ. ಹಾಲವ್ವನ ಮನಿ ಮ್ಯಾಲ ಬಿತ್ತು ಅಂತ ಬರೀಲಿ. ಬರಿಯಂಗಿಲ್ಲ ಅಂದ್ರ, ಇಲ್ಲದ ಮನಿ ಮ್ಯಾಲ ಹೆಂಗ ಬಿತ್ತು, ಅದನ್ನರ ಹೇಳ್ಲಿ."